ತೋಟದ ಕೆಸರಿಗೆ ಪಿಕಪ್: ಮೊದಲು ಟೈರಾ, ಲಾಕರ್ರಾ, ವಿಂಚಾ?

ತೋಟದಮನೆ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಒಂದು ತೀರ್ಮಾನಕ್ಕೆ ಬರಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಗಾಡಿ 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. 2.5 ಲೀಟರ್ ಡೀಸೆಲ್, ಮ್ಯಾನ್ಯುವಲ್ ಗೇರ್, ಫೋರ್ ಬೈ ಫೋರ್. ಟೈರ್ 245/70 ಆರ್16 (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇ. 70, ರಿಮ್ 16 ಇಂಚು), ರಸ್ತೆ ಟೈರ್, ಅರ್ಧಕ್ಕಿಂತ ಜಾಸ್ತಿ ಸವೆದಿದೆ. ಹಿಂದಿನ ಡಿಫರೆನ್ಷಿಯಲ್ (ಡಿಫ್, ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರ್) ಓಪನ್, ಅಂದರೆ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸುವ ಲಾಕ್ ಇಲ್ಲ. ಜಾರುವ ಚಕ್ರವನ್ನು ತಾನಾಗಿಯೇ ಹತೋಟಿಗೆ ತರುವ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಇಲ್ಲ.

ಶೋಕಿಗಲ್ಲ, ತೋಟದ ಕೆಲಸಕ್ಕೇ ಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿಗೇ ರಸ್ತೆ ಹಾಳಾಗಿರುತ್ತದೆ. ಎರಡು ಜಾಗದಲ್ಲಿ ತೊಂದರೆ. ಒಂದು, ಆಳುಗಳ ಲೈನ್ ಮನೆಯಿಂದ ತೋಟದ ಮೇಲಿನ ಬ್ಲಾಕ್‌ಗೆ ಹೋಗುವ ಏರು. ಕೆಂಪು ಮಣ್ಣು. ಮಳೆ ಬಿದ್ದರೆ ಗಾಡಿ ಮುಂದೆ ಹೋಗುವ ಬದಲು ಪಕ್ಕಕ್ಕೆ ಜಾರುತ್ತದೆ. ಇನ್ನೊಂದು, ಹಳ್ಳದ ಹತ್ತಿರದ ತಿರುವು. ಅಲ್ಲಿ ನೀರು ರಸ್ತೆಯನ್ನು ಓರೆಯಾಗಿ ಕೊರೆದಿದೆ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ಮೇಲೆದ್ದು ಸುಮ್ನೆ ತಿರುಗುತ್ತವೆ, ಗಾಡಿ ಅಲ್ಲಾಡುವುದಿಲ್ಲ.

ಕೈಯಲ್ಲಿ ಒಂದೂಕಾಲು ಲಕ್ಷ ಇದೆ. ಒಬ್ಬರು ಟೈರ್ ಅಂತಾರೆ, ಇನ್ನೊಬ್ಬರು ಡಿಫ್ ಲಾಕ್ ಮಾಡುವ ಲಾಕರ್, ಮತ್ತೊಬ್ಬರು ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ). ಮೆಕ್ಯಾನಿಕ್ ಎರಡು ಇಂಚು ಎತ್ತರಿಸಿಕೊಡುತ್ತೇನೆ ಅಂತಾನೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ಗೂರ್ಖಾವಾಲ (ಬೆಂಗಳೂರು)

ಟೈರ್. ನನ್ನ ಗಾಡಿ ನೋಡಿಯೇ ಹೇಳುತ್ತಿದ್ದೇನೆ. ಫೋರ್ಸ್ ಗೂರ್ಖಾದಲ್ಲಿ ಕಂಪನಿಯಿಂದಲೇ ಮುಂದೆ ಹಿಂದೆ ಎರಡೂ ಕಡೆ ಡಿಫ್ ಲಾಕ್ ಬರುತ್ತದೆ. ನಮ್ಮ ದೇಶದಲ್ಲಿ ಇಷ್ಟು ಕೊಡುವ ಗಾಡಿ ಬೇರೆ ಸಿಗುವುದು ಕಷ್ಟ. ಆದರೂ ಸವೆದ ಟೈರ್‌ನಲ್ಲಿ ಒದ್ದೆ ಜೇಡಿಗೆ ಇಳಿಸಿದರೆ ಏನಾಗುತ್ತದೆ ಗೊತ್ತಾ? ನಾಲ್ಕೂ ಚಕ್ರ ಶಿಸ್ತಾಗಿ ಒಟ್ಟಿಗೆ ತಿರುಗುತ್ತವೆ. ಗಾಡಿ ನಿಂತಲ್ಲೇ ಇರುತ್ತದೆ.

ಲಾಕರ್ ಹಿಡಿತ ಹುಟ್ಟಿಸುವುದಿಲ್ಲ, ಇರುವ ಹಿಡಿತವನ್ನು ಬಳಸಿಕೊಳ್ಳುತ್ತದೆ ಅಷ್ಟೇ.

ಜಿಪ್ಸಿ ಕೊಡಗು

ಹಣ ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ಬೇರೆಯವರ ಕೈಗೆ ಕೊಟ್ಟು, ಆ ಎರಡೂ ಜಾಗದಲ್ಲಿ ನೀವು ಹೊರಗೆ ನಿಂತು ನೋಡಿ. ಯಾವ ಚಕ್ರ ತಿರುಗುತ್ತಿದೆ, ಯಾವುದು ನಿಂತಿದೆ? ಸ್ಟಿಯರಿಂಗ್ ಹಿಡಿದು ಕೂತವರಿಗೆ ಇದು ಕಾಣಿಸುವುದೇ ಇಲ್ಲ.

ನಾಲ್ಕೂ ಚಕ್ರ ತಿರುಗಿಯೂ ಗಾಡಿ ಹೋಗದಿದ್ದರೆ ಟೈರ್ ಸಮಸ್ಯೆ. ಮೂಲೆಗೆ ಮೂಲೆ ಎರಡೇ ತಿರುಗಿ ಉಳಿದೆರಡು ನಿಂತಿದ್ದರೆ ಡಿಫ್ ಸಮಸ್ಯೆ. ಹೊಟ್ಟೆ ದಿಬ್ಬದ ಮೇಲೆ ಕೂತಿದ್ದರೆ ಎತ್ತರದ ಸಮಸ್ಯೆ, ಅದಕ್ಕೆ ಗುದ್ದಲಿ ಸಾಕು. ಯಾವ ಚಕ್ರವೂ ತಿರುಗದೆ ಇಂಜಿನ್ ಆಫ್ ಆಗುತ್ತಿದ್ದರೆ ನೀವು ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರ್) ಹಾಕಿಲ್ಲ ಅಂತ ಅರ್ಥ.

ನೀವು ಬರೆದಿರುವುದರಲ್ಲೇ ಎರಡು ಬೇರೆ ಬೇರೆ ಕಾಯಿಲೆ ಇದೆ. ಏರಿನಲ್ಲಿರುವುದು ಟೈರ್ ಕಾಯಿಲೆ. ತಿರುವಿನಲ್ಲಿರುವುದು ಓಪನ್ ಡಿಫ್ ಕಾಯಿಲೆ. ಒಂದೇ ಮಾತ್ರೆ ಎರಡಕ್ಕೂ ಕೆಲಸ ಮಾಡುವುದಿಲ್ಲ.

ಲಾಕರ್ ಪಕ್ಷ (ಶಿವಮೊಗ್ಗ)

ಎಲ್ಲರೂ ಟೈರ್ ಟೈರ್ ಅಂತ ಶುರು ಮಾಡುತ್ತೀರಿ ಅಂತ ಗೊತ್ತಿತ್ತು. ಸ್ವಲ್ಪ ನಿಲ್ಲಿ.

ತಿರುವಿನ ಜಾಗವನ್ನೇ ತೆಗೆದುಕೊಳ್ಳಿ. ಓಪನ್ ಡಿಫರೆನ್ಷಿಯಲ್ ಎಡಕ್ಕೂ ಬಲಕ್ಕೂ ಒಂದೇ ಸಮ ಬಲ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಹೆಚ್ಚುಕಡಿಮೆ ಬಲವೇ ಬೇಡ. ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ, ಅಂದರೆ ಏನೂ ಇಲ್ಲ. ಪಾರ್ಟ್ ಟೈಮ್ ಫೋರ್ ಬೈ ಫೋರ್‌ನಲ್ಲಿ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವಂಥದ್ದು) ಫೋರ್ ಹಾಕಿದಾಗ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಒಟ್ಟಿಗೆ ಕಟ್ಟಿಕೊಂಡಿರುತ್ತವೆ, ನಿಜ. ಆದರೆ ಎರಡರಲ್ಲೂ ಒಂದೊಂದು ಚಕ್ರ ಮೇಲೆದ್ದಾಗ ಅದರಿಂದ ಪ್ರಯೋಜನವಿಲ್ಲ. ಜಗತ್ತಿನ ಅತ್ಯುತ್ತಮ ಮಡ್ ಟೈರ್ ಹಾಕಿದರೂ ಅದು ಗಾಳಿಯನ್ನು ಹಿಡಿಯುತ್ತದೆಯಾ?

ಹಿಂದಕ್ಕೆ ಒಂದೇ ಒಂದು ಲಾಕರ್ ಹಾಕಿದರೆ ಅದೇ ಗಾಡಿ ಅದೇ ಟೈರ್‌ನಲ್ಲಿ ಆ ತಿರುವು ದಾಟುತ್ತದೆ. ಟೊಯೊಟಾ ಹೈಲಕ್ಸ್‌ಗೆ ಹಿಂದಿನ ಡಿಫ್ ಲಾಕ್ ಕಂಪನಿಯಿಂದಲೇ ಯಾಕೆ ಕೊಟ್ಟಿದ್ದಾರೆ? ಪಿಕಪ್‌ನ ಹಿಂಭಾಗ ಖಾಲಿ ಇದ್ದಾಗ ಹಗುರ, ಲೀಫ್ ಸ್ಪ್ರಿಂಗ್ ಗಟ್ಟಿ, ಚಕ್ರ ಬೇಗ ಮೇಲೇಳುತ್ತದೆ. ಮಹೀಂದ್ರ ಥಾರ್‌ನ ಹಿಂದೆ ಬರುವ ಮೆಕ್ಯಾನಿಕಲ್ ಲಾಕರ್ ಕೂಡ ಇದಕ್ಕೇ. ಒಂದು ಚಕ್ರ ಇನ್ನೊಂದಕ್ಕಿಂತ ಜೋರಾಗಿ ತಿರುಗಿದರೆ ತಾನಾಗಿಯೇ ಟಪ್ ಅಂತ ಲಾಕ್ ಆಗುತ್ತದೆ.

ಹಾಸನ ಟೈರ್ ಕಟ್ಟೆ

ಅಂಗಡಿಯವನು ಟೈರ್ ಅಂತಲೇ ಹೇಳುತ್ತಾನೆ ಅಂದುಕೊಳ್ಳಬೇಡಿ. ಆದರೆ ಇಲ್ಲಿ ಹಾಗೆಯೇ ಹೇಳಬೇಕಾಗಿದೆ. ಟೈರ್ ಅರ್ಧ ಸವೆದಿದೆ ಅಂತ ನೀವೇ ಬರೆದಿದ್ದೀರಿ. ಅಂದರೆ ಇವತ್ತಲ್ಲ ನಾಳೆ ಹೇಗಿದ್ದರೂ ಕೊಳ್ಳಬೇಕು. ಲಾಕರ್‌ಗೆ ಹಣ ಹಾಕಿ, ಮುಂದಿನ ವರ್ಷ ಮತ್ತೆ ಟೈರ್‌ಗೆ ಹಣ ಹೊಂದಿಸುವ ಬದಲು, ಖಂಡಿತ ಬರುವ ಖರ್ಚನ್ನೇ ಸರಿಯಾಗಿ ಮಾಡಿ.

ಈಗ ಎ.ಟಿ. (ಆಲ್ ಟೆರೇನ್, ಎಲ್ಲ ದಾರಿಗೂ ಆಗುವ ಟೈರ್) ಬೇಕಾ ಎಂ.ಟಿ. (ಮಡ್ ಟೆರೇನ್, ಕೆಸರಿನ ಟೈರ್) ಬೇಕಾ ಅನ್ನುವುದು. ನಿಮ್ಮ ಏರಿನ ಕೆಂಪು ಮಣ್ಣಿನಲ್ಲಿ ಮೇಲೆ ಜಾರುವ ಪದರ, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಸಣ್ಣ ಗೀರು ಸಾಲುಗಳಿರುವ ಟೈರ್‌ಗೆ ಕೆಸರು ಮೆತ್ತಿಕೊಂಡರೆ ಅದು ಎಣ್ಣೆ ಸವರಿದ ದೋಸೆ ಕಾವಲಿಯ ಹಾಗೆ ನುಣುಪಾಗುತ್ತದೆ. ಎಂ.ಟಿ. ಟೈರ್‌ನಲ್ಲಿ ಬ್ಲಾಕ್‌ಗಳ ನಡುವೆ ಅಗಲವಾದ ಜಾಗ ಇರುವುದು ಕೆಸರನ್ನು ಹೊರಗೆ ಎಸೆಯಲು. ಆದರೆ ಎಸೆಯಬೇಕಾದರೆ ಚಕ್ರ ಸ್ವಲ್ಪ ತಿರುಗಬೇಕು. ಅಂಗುಲ ಅಂಗುಲವಾಗಿ ತೆವಳಿದರೆ ಎಂ.ಟಿ.ಯೂ ತುಂಬಿಕೊಳ್ಳುತ್ತದೆ.

ಎಂ.ಟಿ.ಯ ಕಷ್ಟ ಇರುವುದು ಡಾಂಬರಿನ ಮೇಲೆ. ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ನಿಲ್ಲಲು ಜಾಸ್ತಿ ದೂರ ಬೇಕು. ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಓಡಾಡುವವರಾದರೆ ಇದನ್ನು ಯೋಚಿಸಿ. ಗಾಡಿ ತೋಟ ಬಿಟ್ಟು ಹೊರಗೆ ಜಾಸ್ತಿ ಓಡುತ್ತದಾ?

ಸೈಜ್ ಬಗ್ಗೆ. 245/70 ಆರ್16ರ ಎತ್ತರ ಸುಮಾರು 749 ಮಿ.ಮೀ. 265/70 ಆರ್16 ಹಾಕಿದರೆ 777. ಗಾಡಿ ನೆಲದಿಂದ ಮೇಲೇಳುವುದು ಈ ವ್ಯತ್ಯಾಸದ ಅರ್ಧ, 14 ಮಿ.ಮೀ. ಸ್ಪೀಡೋಮೀಟರ್ ಶೇ. 4ರ ಹತ್ತಿರ ಕಡಿಮೆ ತೋರಿಸುತ್ತದೆ. 265/75ಕ್ಕೆ ಹೋದರೆ 804 ಮಿ.ಮೀ., ಶೇ. 7ಕ್ಕಿಂತ ಜಾಸ್ತಿ ವ್ಯತ್ಯಾಸ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜುವ ಸಾಧ್ಯತೆಯೂ ಇದೆ. ದೊಡ್ಡ ಟೈರ್ ಅಂದರೆ ಗೇರ್ ಕೂಡ ಅಷ್ಟೇ ಉದ್ದವಾದ ಹಾಗೆ, ಏರಿನಲ್ಲಿ ಎಳೆತ ಕಡಿಮೆ. 265/70ರ ಮೇಲೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿತು. ಆಮೇಲೆ ಮೊದಲಿನ ಹಾಗೆ ಕೇಳಿದ ಬ್ರ್ಯಾಂಡ್, ಕೇಳಿದ ಸೈಜ್ ಸಿಗುವುದಿಲ್ಲ. ವಿಡಿಯೋ ನೋಡಿ ಮನಸ್ಸು ಮಾಡುವ ಮೊದಲು ಯಾವುದು ಸಿಗುತ್ತದೆ ಅಂತ ವಿಚಾರಿಸಿ.

ಮರಳುಗಾಡಿನ ಮಂಗಳೂರಿಗ (ದುಬೈ)

ನಮ್ಮ ಕಡೆಯ ಅನುಭವ ಹೇಳುತ್ತೇನೆ. ಇಲ್ಲಿ ಮರಳಿಗೆ ಇಳಿಯುವ ಮೊದಲು ಎಲ್ಲರೂ ಮಾಡುವ ಮೊದಲ ಕೆಲಸ ಗಾಳಿ ಬಿಡುವುದು. 35 ಪಿಎಸ್‌ಐ ಇದ್ದದ್ದನ್ನು 15ಕ್ಕೆ ಇಳಿಸುತ್ತೇವೆ, ಅಬುಧಾಬಿಯ ಲಿವಾದ ದೊಡ್ಡ ದಿಬ್ಬಗಳಲ್ಲಿ ಇನ್ನೂ ಕಡಿಮೆ. ಟೈರ್ ಉದ್ದಕ್ಕೆ ಹರಡಿಕೊಂಡು ನೆಲವನ್ನು ಜಾಸ್ತಿ ಮುಟ್ಟುತ್ತದೆ. ಮಡ್ ಟೈರ್ ಇಲ್ಲಿ ಯಾರೂ ಇಷ್ಟಪಡುವುದಿಲ್ಲ, ಅದು ಮರಳನ್ನು ತೋಡಿ ಹೂತುಕೊಳ್ಳುತ್ತದೆ.

ಹಾಗಾಗಿ ಮೊದಲ ಖರೀದಿ ಒಂದು ಒಳ್ಳೆಯ ಕಂಪ್ರೆಸರ್ ಮತ್ತು ಗಾಳಿ ಅಳೆಯುವ ಗೇಜ್. ಎಲ್ಲಕ್ಕಿಂತ ಅಗ್ಗ ಕೂಡ. ನೀವೂ 15ಕ್ಕೆ ಇಳಿಸಿ ನೋಡಿ.

ಜಿಪ್ಸಿ ಕೊಡಗು

ಕಂಪ್ರೆಸರ್ ಮಾತು ಒಪ್ಪಿದೆ. 15 ಒಪ್ಪಲಿಲ್ಲ. ತೋಟದ ದಾರಿಯಲ್ಲಿ ಕಲ್ಲು ಇರುತ್ತದೆ, ಕಾಫಿ ಗಿಡ ಕಡಿದ ಬೊಡ್ಡೆ ಇರುತ್ತದೆ. ಅಷ್ಟು ಮೆತ್ತಗಾದ ಟೈರ್‌ನ ಪಕ್ಕಕ್ಕೆ ಚುಚ್ಚಿದರೆ ಮುಗಿಯಿತು. ಓರೆಯಲ್ಲಿ ತಿರುಗಿಸಿದಾಗ ರಿಮ್‌ನಿಂದ ಕಳಚಿಕೊಳ್ಳಲೂಬಹುದು. ಇಲ್ಲಿಗೆ 20-22 ಸಾಕು. ಗಾಳಿ ಬಿಟ್ಟ ಮೇಲೆ ನಿಧಾನಕ್ಕೆ ಓಡಿಸಬೇಕು, ಡಾಂಬರಿಗೆ ಬರುವ ಮೊದಲು ಮತ್ತೆ ತುಂಬಬೇಕು.

ನಮ್ಮ ಕಡೆ ಹಳೆಯ ಜೀಪ್‌ಗಳಲ್ಲಿ 6.00-16 ಸೈಜಿನ ಕಿರಿದಾದ ಟೈರ್ ಇರುತ್ತಿತ್ತು. ಮಾಂದಲಪಟ್ಟಿ ಕಡೆ ಜೀಪ್ ಓಡಿಸುವವರನ್ನು ಕೇಳಿ ನೋಡಿ. ಅಗಲದ ಟೈರ್ ಕೆಸರಿನ ಮೇಲೆ ತೇಲುತ್ತದೆ, ಕಿರಿದಾದದ್ದು ಮೇಲಿನ ಪದರ ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಕೆಳಗೆ ಗಟ್ಟಿ ಇರುವ ಕಡೆ ಈ ಲೆಕ್ಕ ಇವತ್ತಿಗೂ ಸರಿ. ಅದಕ್ಕೇ 265ಕ್ಕಿಂತ 245/75 ಆರ್16 ಕೇಳಿ ನೋಡಿ ಅಂತ ನನ್ನ ಸಲಹೆ. ಎತ್ತರ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಅಗಲ ಮಾತ್ರ ಈಗಿನಷ್ಟೇ.

ಎರೆಮಣ್ಣು (ಗದಗ)

ಕೆಳಗೆ ಗಟ್ಟಿ ಇದ್ದರೆ ಅನ್ನುವ ಮಾತು ನೆನಪಿಟ್ಟುಕೊಳ್ಳಿ ರೀ. ನಮ್ಮ ಎರೆ ಹೊಲದಲ್ಲಿ ಕೆಳಗೆ ಗಟ್ಟಿ ಅನ್ನುವುದು ಬೇಗ ಸಿಗುವುದೇ ಇಲ್ಲ. ಕಿರಿದಾದ ಟೈರ್ ಹಾಕಿದರೆ ಆಕ್ಸಲ್‌ವರೆಗೆ ಇಳಿಯುತ್ತದೆ. ಎರೆ ಮಣ್ಣು ಟೈರ್‌ಗೆ ಸುತ್ತಿಕೊಂಡು ಸುತ್ತಿಕೊಂಡು, ಕೊನೆಗೆ ಮಡ್‌ಗಾರ್ಡ್‌ಗೆ ತಾಗಿ ಚಕ್ರವೇ ನಿಂತುಬಿಡುತ್ತದೆ. ಅಲ್ಲಿ ಎ.ಟಿ.ಯೂ ಇಲ್ಲ, ಎಂ.ಟಿ.ಯೂ ಇಲ್ಲ, ಲಾಕರ್ರೂ ಇಲ್ಲ. ಟ್ರ್ಯಾಕ್ಟರ್ ಒಂದೇ ದಾರಿ. ಇಲ್ಲದಿದ್ದರೆ ಎರಡು ಬಿಸಿಲು ಕಾಯುವುದು.

ಮಲೆನಾಡಿನವರ ಕೆಂಪು ಮಣ್ಣು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ತೋಟದಮನೆ (ಸಕಲೇಶಪುರ)

ಹಾಸನದವರಿಗೆ: ಗಾಡಿ ಮುಕ್ಕಾಲು ಪಾಲು ತೋಟ, ಸಕಲೇಶಪುರ ಪೇಟೆ ಅಷ್ಟೇ. ದೂರದ ಪ್ರಯಾಣಕ್ಕೆ ಮನೆಯಲ್ಲಿ ಕಾರಿದೆ.

ಕೊಡಗಿನವರು ಹೇಳಿದ ಹಾಗೆ ನಮ್ಮ ರೈಟರ್ (ತೋಟದ ಲೆಕ್ಕ, ಆಳು ನೋಡಿಕೊಳ್ಳುವವರು) ಕೈಗೆ ಗಾಡಿ ಕೊಟ್ಟು ಹೊರಗೆ ನಿಂತು ನೋಡಿದೆ. ನಿನ್ನೆ ಸಂಜೆ ಒಳ್ಳೆಯ ಮಳೆ ಬಂದಿತ್ತು. ಏರಿನಲ್ಲಿ ನಾಲ್ಕೂ ಚಕ್ರ ತಿರುಗುತ್ತವೆ. ತಿರುವಿನಲ್ಲಿ ಮೂಲೆಗೆ ಮೂಲೆ ಎರಡೇ. ಅಂದರೆ ಎರಡು ಕಾಯಿಲೆ ಅನ್ನುವುದು ನಿಜ. ಆದರೆ ಏರು ದಾಟದೆ ಮೇಲಿನ ಬ್ಲಾಕ್‌ಗೆ ಬೇರೆ ದಾರಿಯಿಲ್ಲ. ಆ ತಿರುವಿಗೆ ಸುತ್ತುದಾರಿ ಇದೆ.

ಟೈರ್‌ಗೆ ಚೈನ್ ಕಟ್ಟುವ ಬಗ್ಗೆ ಯಾರೂ ಹೇಳಲಿಲ್ಲ. ಪಕ್ಕದ ತೋಟದ ಜೀಪ್‌ಗೆ ಮಳೆಗಾಲವೆಲ್ಲ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನ್ ಇರುತ್ತದೆ. ಎಂಥ ಏರನ್ನಾದರೂ ಹತ್ತುತ್ತದೆ.

ಜಿಪ್ಸಿ ಕೊಡಗು

ಚೈನ್ ಮರೆತಿರಲಿಲ್ಲ, ವಿ-ಕ್ರಾಸ್‌ಗೆ ಹೇಳಲು ಹಿಂಜರಿದೆ. ಹಳೆಯ ಜೀಪ್‌ನಲ್ಲಿ ಚಕ್ರದ ಸುತ್ತ ಬೇಕಾದಷ್ಟು ಜಾಗ ಇರುತ್ತದೆ. ನಿಮ್ಮ ಗಾಡಿಯಲ್ಲಿ ಬ್ರೇಕ್ ಪೈಪ್, ಎಬಿಎಸ್ ಸೆನ್ಸರ್ ವೈರ್ ಎಲ್ಲ ಹತ್ತಿರದಲ್ಲೇ ಇದೆ. ಚೈನ್ ಸಡಿಲವಾಗಿ ಬೀಸಿದರೆ ಅದನ್ನೆಲ್ಲ ಕಿತ್ತು ಹಾಕುತ್ತದೆ. ಡಾಂಬರಿಗೆ ಬರುವಾಗ ಬಿಚ್ಚಬೇಕು, ಇಲ್ಲದಿದ್ದರೆ ರಸ್ತೆಯೂ ಹಾಳು, ಟೈರೂ ಹಾಳು. ತೋಟ ಬಿಟ್ಟು ಹೊರಗೆ ಬಾರದ ಗಾಡಿಗೆ ಚೈನ್‌ಗಿಂತ ಅಗ್ಗದ ಉಪಾಯ ಇಲ್ಲ. ಪೇಟೆಗೂ ಹೋಗುವ ಗಾಡಿಗೆ ದಿನಾ ಕಟ್ಟುವುದು ಬಿಚ್ಚುವುದೇ ಕೆಲಸ.

ಲಾಕರ್ ಪಕ್ಷ (ಶಿವಮೊಗ್ಗ)

ಸುತ್ತುದಾರಿ ಇದೆ ಅಂತ ಮೊದಲೇ ಹೇಳಬಾರದಾ! ಹಾಗಾದರೆ ನನ್ನ ವಾದದ ಅರ್ಧ ಬಿದ್ದುಹೋಯಿತು.

ಆದರೂ ಮುಂದೆ ಲಾಕರ್ ಹಾಕುವ ಆಸೆ ಇದ್ದರೆ ಈಗಲೇ ಒಂದು ಲೆಕ್ಕ ಮಾಡಿ. ಎಆರ್‌ಬಿಯಂಥ ಕಂಪನಿಯ ಏರ್ ಲಾಕರ್ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ. ಅದಕ್ಕೆ ಕಂಪ್ರೆಸರ್ ಬೇಕೇ ಬೇಕು. ಗಾಡಿಯಲ್ಲೇ ಕೂರಿಸುವ ಆ ಕಂಪ್ರೆಸರ್‌ನಿಂದ ಟೈರ್‌ಗೂ ಗಾಳಿ ತುಂಬಬಹುದು. ಈಗ ಒಂದು ಅಗ್ಗದ ಕಂಪ್ರೆಸರ್, ಆಮೇಲೆ ಇನ್ನೊಂದು ಅಂತ ಎರಡು ಸಲ ಖರ್ಚು ಮಾಡುವ ಬದಲು ಲಾಕರ್‌ಗೂ ಆಗುವಂಥದ್ದನ್ನೇ ನೋಡಿ.

ಹಾಕಿಸುವವರನ್ನು ಹುಡುಕುವುದೇ ದೊಡ್ಡ ತಲೆನೋವು. ಡಿಫ್ ಪೂರ್ತಿ ಬಿಚ್ಚಿ, ಕ್ರೌನ್ ಮತ್ತು ಪಿನಿಯನ್ ಅನ್ನುವ ಒಳಗಿನ ಗೇರ್‌ಗಳ ಹಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ಲೆಕ್ಕದಲ್ಲಿ ಮತ್ತೆ ಕೂರಿಸಬೇಕು. ಸ್ವಲ್ಪ ಹೆಚ್ಚುಕಡಿಮೆಯಾದರೆ ಗೊಂಯ್ ಅಂತ ಸದ್ದು ಶುರು, ಆಮೇಲೆ ಹಲ್ಲೇ ಹೋಗುತ್ತದೆ. ಡಿಫ್ ವೆಲ್ಡ್ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಸ್ಪರ್ಧೆಯ ಗಾಡಿಗೆ ಅದು ಸರಿ. ಪೇಟೆಯಲ್ಲಿ ತಿರುಗಿಸುವ ಗಾಡಿಗೆ ಅಲ್ಲ.

ಗೂರ್ಖಾವಾಲ (ಬೆಂಗಳೂರು)

ಲಾಕರ್ ಬಗ್ಗೆ ಯಾರೂ ಹೇಳದ ಒಂದು ಮಾತು. ನಿಮ್ಮ ಏರಿನಲ್ಲಿ ಗಾಡಿ ಪಕ್ಕಕ್ಕೆ ಜಾರುತ್ತದೆ ಅಂದಿರಲ್ಲ, ಅಲ್ಲಿ ಲಾಕ್ ಹಾಕಿದರೆ ಇನ್ನೂ ಜಾಸ್ತಿ ಜಾರಬಹುದು. ಓಪನ್ ಡಿಫ್‌ನಲ್ಲಿ ಒಂದು ಚಕ್ರ ತಿರುಗುತ್ತಿದ್ದರೂ ಇನ್ನೊಂದು ನಿಂತು ಗಾಡಿಯ ಹಿಂಭಾಗವನ್ನು ಹಿಡಿದುಕೊಂಡಿರುತ್ತದೆ. ಲಾಕ್ ಮಾಡಿದಾಗ ಎರಡೂ ಒಟ್ಟಿಗೆ ತಿರುಗುತ್ತವೆ. ಹಿಡಿಯುವವರು ಯಾರೂ ಇಲ್ಲ. ಓರೆ ಇರುವ ಕಡೆ ಹಿಂಭಾಗ ನೇರ ಚರಂಡಿಗೆ. ಅದಕ್ಕೇ ನಾನು ಓರೆ ದಾರಿಯಲ್ಲಿ ಲಾಕ್ ತೆಗೆದೇ ಹೋಗುತ್ತೇನೆ.

ಆ ತಿರುವಿಗೆ ಸದ್ಯಕ್ಕೆ ಕಾಸಿಲ್ಲದ ಉಪಾಯ ಬೇಕಾ? ಫೋರ್ ಲೋ, ಮೊದಲ ಗೇರ್, ಹ್ಯಾಂಡ್ ಬ್ರೇಕ್ ಅರ್ಧ ಎಳೆಯಿರಿ. ಹ್ಯಾಂಡ್ ಬ್ರೇಕ್ ಹಿಂದಿನ ಎರಡೂ ಚಕ್ರ ಹಿಡಿಯುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಈಗ ತಿರುಗಲು ಬಲ ಬೇಕು, ಹಾಗಾಗಿ ನೆಲದ ಮೇಲಿರುವುದಕ್ಕೂ ಬಲ ಹೋಗುತ್ತದೆ. ಮಾರುತಿ ಜಿಮ್ನಿಯಂಥ ಗಾಡಿಯಲ್ಲಿ ಕಂಪ್ಯೂಟರ್ ಬ್ರೇಕ್ ಹಿಡಿದು ಮಾಡುವುದು ಇದನ್ನೇ, ಅದು ಒಂದೇ ಚಕ್ರಕ್ಕೆ ಹಿಡಿಯುತ್ತದೆ ಅಷ್ಟೇ. ಪೂರ್ತಿ ಲಾಕರ್ ಇದ್ದ ಹಾಗಲ್ಲ, ಆದರೆ ಸುಮಾರು ಸಲ ಸಾಕಾಗುತ್ತದೆ. ದಾಟಿದ ತಕ್ಷಣ ಬಿಟ್ಟುಬಿಡಿ.

ಎರೆಮಣ್ಣು (ಗದಗ)

ಗಾಡಿ ಖಾಲಿ ಹೋಗುತ್ತದಾ, ಲೋಡ್ ಇರುತ್ತದಾ? ಅದನ್ನೂ ಕೇಳಬೇಕಲ್ಲ.

ತೋಟದಮನೆ (ಸಕಲೇಶಪುರ)

ಒಳ್ಳೆಯ ಪ್ರಶ್ನೆ. ಸ್ಪ್ರೇ ಸಮಯದಲ್ಲಿ 200 ಲೀಟರ್ ಡ್ರಮ್ ಹಿಂದೆ ಇರುತ್ತದೆ. ಈಗ ಯೋಚಿಸಿದರೆ, ಡ್ರಮ್ ತುಂಬಿದ್ದಾಗ ಏರಿನಲ್ಲಿ ಅಷ್ಟು ತೊಂದರೆ ಆಗುವುದಿಲ್ಲ. ಖಾಲಿ ಹೋಗುವಾಗಲೇ ಜಾಸ್ತಿ.

ಎರೆಮಣ್ಣು (ಗದಗ)

ಅದೇ ನೋಡಿ. 200 ಲೀಟರ್ ನೀರು ಅಂದರೆ 200 ಕೆ.ಜಿ. ಖಾಲಿ ಪಿಕಪ್‌ನ ತೂಕವೆಲ್ಲ ಇಂಜಿನ್ ಕಡೆ. ಮರಳಿನ ಚೀಲ ನಾಲ್ಕೈದು ಹಾಕಿ ಸುಮ್ನೆ ಓಡಿಸಿ ನೋಡಿ. ಹಿಂದಿನ ಆಕ್ಸಲ್‌ನ ನೇರ ಮೇಲೆ ಇಡಿ, ಹಿಂದಿನ ಬಾಗಿಲ ಹತ್ತಿರ ಬೇಡ. ತೀರ ಹಿಂದಕ್ಕೆ ಇಟ್ಟರೆ ಏರಿನಲ್ಲಿ ಮುಂಭಾಗ ಹಗುರಾಗಿ ಸ್ಟಿಯರಿಂಗ್ ಕೇಳುವುದಿಲ್ಲ. ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ.

ಹಾಸನ ಟೈರ್ ಕಟ್ಟೆ

ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿದಿರಿ. ಆದರೂ ಮಾತು ನಿಜ.

ಚರಂಡಿ ಮೊದಲು (ಮೂಡಿಗೆರೆ)

ಇಷ್ಟು ಹೊತ್ತು ಓದಿದೆ. ಆ ತಿರುವಿನಲ್ಲಿ ನೀರು ರಸ್ತೆ ಕೊರೆಯುತ್ತಿದೆ ಅಂದರೆ ಮೇಲಿನ ಚರಂಡಿ ಕಟ್ಟಿಕೊಂಡಿದೆ ಅಂತ. ಒಂದು ಮೋರಿ ಪೈಪ್, ಒಂದು ಲೋಡ್ ಸೈಜುಗಲ್ಲು, ಜೆಸಿಬಿಯ ಅರ್ಧ ದಿನ. ಲಾಕರ್‌ಗಿಂತ ಎಷ್ಟೋ ಕಡಿಮೆ. ನಿಮ್ಮದೇ ತೋಟದ ರಸ್ತೆ ತಾನೇ? ಗಾಡಿಯನ್ನು ರಸ್ತೆಗೆ ತಕ್ಕ ಹಾಗೆ ಮಾಡುವ ಹಟ ಯಾಕೆ? ಟ್ರ್ಯಾಕ್ಟರಿಗೂ ಅನುಕೂಲ, ಆಳುಗಳಿಗೂ ಅನುಕೂಲ.

ಲಾಕರ್ ಪಕ್ಷ (ಶಿವಮೊಗ್ಗ)

ನನ್ನ ವಾದದ ಉಳಿದರ್ಧವೂ ಹೋಯಿತು.

ತೋಟದಮನೆ (ಸಕಲೇಶಪುರ)

ಹಹ್ಹ. ವಿಂಚ್ ಮತ್ತು ಎತ್ತರಿಸುವ ಬಗ್ಗೆ ಏನಂತೀರಿ? ಮೆಕ್ಯಾನಿಕ್ ಬಿಡುತ್ತಿಲ್ಲ.

ಜಿಪ್ಸಿ ಕೊಡಗು

ಎತ್ತರಿಸುವುದು ಬೇಡ. ನಿಮ್ಮ ಗಾಡಿಯ ಮುಂದೆ ಸ್ವತಂತ್ರ ಸಸ್ಪೆನ್ಷನ್ ಇದೆ. ಸ್ಪೇಸರ್ (ಎತ್ತರಿಸಲು ನಡುವೆ ಕೂರಿಸುವ ಬಿಲ್ಲೆ) ಹಾಕಿ ಎತ್ತಿದರೆ ಚಕ್ರ ಕೆಳಗೆ ಇಳಿಯಲು ಇರುವ ಜಾಗ ಅಷ್ಟೇ ಕಡಿಮೆಯಾಗುತ್ತದೆ. ಆ ತಿರುವಿನಲ್ಲಿ ಈಗಿಗಿಂತ ಮೊದಲೇ ಚಕ್ರ ಮೇಲೇಳುತ್ತದೆ. ಭಾರವೂ ಮೇಲಕ್ಕೆ ಹೋಗುತ್ತದೆ, ಓರೆಯಲ್ಲಿ ಮಗುಚುವ ಭಯ ಜಾಸ್ತಿ.

ವಿಂಚ್ ಹಿಡಿತ ಕೊಡುವ ಸಾಮಾನಲ್ಲ, ಸಿಕ್ಕಿಬಿದ್ದ ಮೇಲೆ ಎಳೆಯುವ ಸಾಮಾನು. ಒಂಟಿಯಾಗಿ ಕಾಡುದಾರಿಯಲ್ಲಿ ಹೋಗುವವರಿಗೆ ಬೇಕು. ನಿಮಗೆ ಕೂಗಿದರೆ ಟ್ರ್ಯಾಕ್ಟರ್ ಬರುತ್ತದೆ. ಒಂದು ಒಳ್ಳೆಯ ರಿಕವರಿ ಸ್ಟ್ರ್ಯಾಪ್ (ಗಾಡಿ ಎಳೆಯುವ ಪಟ್ಟಿ), ಎರಡು ಶ್ಯಾಕಲ್ (ಅದನ್ನು ಸಿಕ್ಕಿಸುವ ಕೊಂಡಿ) ಸಾಕು. ಕಟ್ಟುವಾಗ ಚಾಸಿಗೆ ಬೋಲ್ಟ್ ಹಾಕಿದ ಗಟ್ಟಿ ಹುಕ್‌ಗೇ ಕಟ್ಟಿ. ಟ್ರೇಲರ್ ಎಳೆಯಲು ಹಿಂದೆ ಇರುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಸ್ಟ್ರ್ಯಾಪ್ ಸಿಕ್ಕಿಸಲೇಬೇಡಿ. ಅದು ಮುರಿದು ಹಾರಿದರೆ ಜೀವಕ್ಕೇ ಅಪಾಯ. ಎಳೆಯುವಾಗ ಯಾರೂ ಹತ್ತಿರ ನಿಲ್ಲಬಾರದು.

ಇನ್ನು ತೋಟದಲ್ಲಿ ವಿಂಚ್ ಕಟ್ಟಲು ಸಿಗುವುದು ಸಿಲ್ವರ್ ಓಕ್. ಅದರ ಮೇಲೆ ಮೆಣಸಿನ ಬಳ್ಳಿ. ಒಂದು ಸಲ ಎಳೆದರೆ ಬಳ್ಳಿ ಹೋಯಿತು. ಮೆಣಸಿನ ರೇಟ್ ನೋಡಿಕೊಂಡು ಆಮೇಲೆ ವಿಂಚ್ ಕೊಳ್ಳಿ.

ಗೂರ್ಖಾವಾಲ (ಬೆಂಗಳೂರು)

ವಿಂಚ್ ಕೂರಿಸಲು ಮುಂದೆ ಕಬ್ಬಿಣದ ಬಂಪರ್ ಹಾಕಿಸಬೇಕಾಗುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಬಾರದು ಅಂತ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಲ್ಲೂ ಗಾಡಿಯ ಮೂಲ ವಿವರ ಬದಲಾಗುವ ಹಾಗೆ ಮಾರ್ಪಾಡು ಮಾಡಬಾರದು ಅಂತಿದೆ. ಟೈರನ್ನೂ ಸೇರಿಸಿ, ಏನೇ ಬದಲಾಯಿಸಿದರೂ ಮೊದಲೇ ಇನ್ಶೂರೆನ್ಸ್‌ನವರನ್ನು ಬರಹದಲ್ಲಿ ಕೇಳಿಡಿ.

ತೋಟದಮನೆ (ಸಕಲೇಶಪುರ)

ಸರಿ, ನನ್ನ ಮನಸ್ಸು ಹೀಗಾಗಿದೆ. ಈ ವಾರ ಮರಳಿನ ಚೀಲ ಹಾಕಿ ನೋಡುತ್ತೇನೆ. ಜೆಸಿಬಿಯವನಿಗೆ ಹೇಳಿದ್ದೇನೆ, ಮೋರಿ ಕೆಲಸ ಮಳೆಗೆ ಮೊದಲೇ ಆಗಬೇಕು. ಟೈರ್ ಎಂ.ಟಿ., 245/75 ಆರ್16 ಸಿಕ್ಕರೆ ಅದೇ, ಇಲ್ಲದಿದ್ದರೆ 265/70. ಜೊತೆಗೆ ಕಂಪ್ರೆಸರ್, ಸ್ಟ್ರ್ಯಾಪ್. ಉಳಿದರೆ ಉಳಿಯಲಿ. ಮುಂದಿನ ಮಳೆಗಾಲವೂ ಆ ತಿರುವು ಕಾಡಿದರೆ ಶಿವಮೊಗ್ಗದವರ ಹತ್ತಿರ ಬರುತ್ತೇನೆ.

ಹಾಸನದವರಿಗೆ ಎರಡು ಪ್ರಶ್ನೆ. ನಾಲ್ಕೇ ಟೈರ್ ತೆಗೆದುಕೊಂಡು ಸ್ಟೆಪ್ನಿಗೆ ಹಳೆಯದೇ ಇಟ್ಟರೆ ಆಗುತ್ತದಾ? ಹಳೆಯ ಸ್ಟಾಕ್ ದಾಟಿಸಿಬಿಡುತ್ತಾರೆ ಅಂತಾರೆ, ಹೇಗೆ ಗೊತ್ತು ಮಾಡುವುದು?

ಹಾಸನ ಟೈರ್ ಕಟ್ಟೆ

ಐದು ತೆಗೆದುಕೊಳ್ಳಿ. ನಿಮ್ಮದು ಪಾರ್ಟ್ ಟೈಮ್ ಫೋರ್ ಬೈ ಫೋರ್, ಮುಂದಕ್ಕೂ ಹಿಂದಕ್ಕೂ ನಡುವೆ ಡಿಫರೆನ್ಷಿಯಲ್ ಇಲ್ಲ. ಮಳೆಗಾಲದಲ್ಲಿ ಒಂದು ಟೈರ್ ಪಂಕ್ಚರ್ ಆಗಿ ಬೇರೆ ಎತ್ತರದ ಸ್ಟೆಪ್ನಿ ಹಾಕಿ ಫೋರ್ ಹೈಗೆ (ನಾಲ್ಕೂ ಚಕ್ರಕ್ಕೆ ಸಾಮಾನ್ಯ ವೇಗದ ಗೇರ್) ಬಂದರೆ, ಗಟ್ಟಿ ನೆಲದಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಬಲ ಕಳಿಸುವ ಪೆಟ್ಟಿಗೆ) ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ಫೋರ್‌ನಿಂದ ಟೂಗೆ ಬರುವುದೇ ಇಲ್ಲ. ಐದನ್ನೂ ಸರದಿಯಲ್ಲಿ ಬದಲಾಯಿಸುತ್ತಾ ಇದ್ದರೆ ಎಲ್ಲ ಒಂದೇ ಸಮ ಸವೆಯುತ್ತವೆ. ದೊಡ್ಡ ಟೈರ್ ಕೆಳಗಿನ ಸ್ಟೆಪ್ನಿ ಜಾಗದಲ್ಲಿ ಕೂರುತ್ತದಾ ಅಂತ ಬಿಲ್ ಮಾಡಿಸುವ ಮೊದಲೇ ಇಟ್ಟು ನೋಡಿ.

ತಾರೀಖಿಗೆ ಟೈರ್‌ನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 2324 ಅಂತಿದ್ದರೆ 2024ರ 23ನೇ ವಾರ. ಅದು ಒಂದು ಕಡೆಯ ಪಕ್ಕದಲ್ಲಿ ಮಾತ್ರ ಇರಬಹುದು, ಆ ಕಡೆ ಒಳಗೆ ಹೋಗುವ ಹಾಗೆ ಕೂರಿಸಿಬಿಟ್ಟರೆ ಬಗ್ಗಿ ನೋಡಬೇಕಾಗುತ್ತದೆ. ಹಾಗಾಗಿ ರಿಮ್‌ಗೆ ಹಾಕುವ ಮೊದಲೇ ಐದನ್ನೂ ನೋಡಿಕೊಳ್ಳಿ.